ಹನ್ನೆರಡನೇ ಕಾಲಂ

ಅಕ್ಟೋಬರ್ 6, ಬೆಳಿಗ್ಗೆ 10

ಮತ್ತೆ ಅದೇ ಕೆಂಪು ಡಬ್ಬಿ. "ಈ ಆವೃತ್ತಿಯು ನಿಮ್ಮ ಗಣಕಯಂತ್ರಕ್ಕೆ ಹೊಂದಿಕೆಯಾಗುವುದಿಲ್ಲ." ಬೆಳಗಿನಿಂದ ನಾಲ್ಕನೇ ಸಲ. ಸರ್ಕಾರದವರು ಈ ವರ್ಷ ತೆರಿಗೆ ಸಾಫ್ಟ್‌ವೇರ್ ಬದಲಾಯಿಸಿದ್ದಾರೆ, ನಮ್ಮ ಮುದಿ ಕಂಪ್ಯೂಟರ್ ಅದನ್ನು ಹೊಸ್ತಿಲು ದಾಟಲು ಬಿಡುತ್ತಿಲ್ಲ. ಕೊನೇ ದಿನ ಮೂವತ್ತೊಂದು. ಇವರು ತೆರಿಗೆ ಫಾರ್ಮ್ ತುಂಬಿಕೊಡುವ ಮೂವತ್ತೆಂಟು ಜನರ ಫೈಲು ಮೇಜಿನ ಮೇಲೆ ಕೂತಿವೆ.

ಇವರಿಗೆ ಹೇಳಿದರೆ, "ಇನ್ನೊಂದ್ಸಲ ಒತ್ತಿ ನೋಡೇ." ಒತ್ತಿ ಒತ್ತಿ ಬೆರಳು ಸವೆಯಿತು. ಹೊಸದು ಕೊಳ್ಳೋಣ ಅಂದರೆ ಹರಳೆಣ್ಣೆ ಕುಡಿದ ಮುಖ. ಜಿಪುಣತನ ಅನ್ನೋಣವೆಂದರೆ ಹಾಗೂ ಅಲ್ಲ, ಹೋದ ತಿಂಗಳು ಕೇಳದೆಯೇ ನನಗೆ ವಾಷಿಂಗ್ ಮೆಷಿನ್ ತಂದುಕೊಟ್ಟ ಮನುಷ್ಯ. ಹಟ. ಬರೀ ಹಟ.

ಅಕ್ಟೋಬರ್ 8

ರಿಪೇರಿಯವನು ಬಂದಿದ್ದ. ಹಳೇದನ್ನು ಬಿಚ್ಚಿ, ಮೂಸಿ, ಮುಚ್ಚಿದ. "ಅಮ್ಮಾ, ಇದಕ್ಕೆ ಹೊಸ ಸಾಫ್ಟ್‌ವೇರ್ ಹಾಕೋದು ಅಂದ್ರೆ ಮುದುಕಂಗೆ ಸ್ಕೂಲ್ ಯೂನಿಫಾರ್ಮ್ ತೊಡಿಸಿದಂಗೆ. ಹೊಲಿಗೆ ಬಿಟ್ಕೊಳ್ಳತ್ತೆ."

ಅಂತೂ ಇವರು ಒಪ್ಪಿದರು. ಆದರೆ ಷರತ್ತು — ಕೀಬೋರ್ಡ್ ಹಳೇದೇ ಇರಬೇಕು, ಮೌಸ್ ಇವರ ಹತ್ತಿರ ಸುಳಿಯಬಾರದು. ಹಳೇ ಕೀಬೋರ್ಡಿನ ಪಿನ್ನು ದುಂಡಗಿದೆ, ಹೊಸದರಲ್ಲಿ ಅದಕ್ಕೆ ತೂತೇ ಇಲ್ಲ. ನಡುವೆ ಹಾಕಲು ಏನೋ ಕನ್ವರ್ಟರ್ ತರಿಸಬೇಕಂತೆ. ಇನ್ನೂ ಎರಡು ದಿನ ಹಾಳು.

ಅಕ್ಟೋಬರ್ 10, ಸಂಜೆ

ಕನ್ವರ್ಟರ್ ಬಂತು. ಹಚ್ಚುವ ಮೊದಲು ಕೀಬೋರ್ಡ್ ಒರೆಸಿದೆ. ಟ್ಯಾಬ್ ಮೇಲೂ ಎಂಟರ್ ಮೇಲೂ ಒಣಗಿದ ಅಂಟು, ಮೆಣಸಿನ ಕಾಳಿನಷ್ಟು. ಥೂ, ಏನು ಗಲೀಜು. ಚಾಕುವಿನಿಂದ ಕೆರೆದು ತೆಗೆದೆ.

ಇವರು ಬಂದು ಕೂತು ಬೆರಳಾಡಿಸಿದರು. "ಏನೇ ಮಾಡ್ದೆ ಇದಕ್ಕೆ?" ಸಿಟ್ಟಿನ ದನಿಯಲ್ಲ, ಹೆದರಿದ ದನಿ. ಒಂದು ಚಿಟಿಕೆ ಕೊಳೆಗೆ! ಆಮೇಲೆ ನೋಡಿದರೆ ಅಂಟಿನ ಬಾಟಲಿ ಹಿಡಿದು ಕೂತಿದ್ದಾರೆ. ಅರವತ್ತಕ್ಕೆ ಅರಳುಮರಳು ಅಂತ ಸುಮ್ಮನೆ ಹೇಳುತ್ತಾರೆಯೇ.

ಅಕ್ಟೋಬರ್ 13

ಶುರುವಾಯಿತು. ಮೌಸ್ ಹಿಡಿದು ಫಾರ್ಮ್ ತೆರೆಯುವುದು, ಕೊನೆಗೆ ರಶೀದಿ ಪ್ರಿಂಟ್ ಹಾಕುವುದು ನನ್ನ ಪಾಲು. ನಡುವೆ ಅದೇ ಇಪ್ಪತ್ತಾರು ವರ್ಷದ ರೂಢಿ. ನಾನು ಕಾಗದ ನೋಡಿ ಓದುವುದು, ಇವರು ಟ್ಯಾಬ್ ಒತ್ತಿ ಕಾಲಂನಿಂದ ಕಾಲಂಗೆ ಹೋಗುತ್ತ ಟೈಪ್ ಮಾಡುವುದು. ನಾನು ಸ್ಕ್ರೀನ್ ನೋಡುವುದಿಲ್ಲ, ಇವರು ಕಾಗದ ಮುಟ್ಟುವುದಿಲ್ಲ. "ಹ್ಞೂಂ. ಮುಂದೆ." "ಹ್ಞೂಂ. ಮುಂದೆ." ಒಂದೇ ದಿನಕ್ಕೆ ಐದು ಫೈಲು.

ನಡುಮನೆಯೇ ಆಫೀಸು, ಬಾಗಿಲ ಮೇಲೆ ಇವರ ಬೋರ್ಡು. ಬಂದವರಿಗೆಲ್ಲ ಇವರದೊಂದೇ ಮಾತು: "ನನ್ನ ಕೈಯಿಂದ ಹೋದ ಕಾಗದ ಇವತ್ತಿನವರೆಗೆ ವಾಪಸ್ ಬಂದಿಲ್ಲ." ಜಂಬ. ಆದರೆ ನಿಜ.

ಅಕ್ಟೋಬರ್ 25

ಮೂವತ್ತೆಂಟೂ ಮುಗಿದವು. ಪೀಡೆ ತೊಲಗಿತು. ನಮ್ಮದೊಂದು ಬಾಕಿ. ಮೊದಲು ಊರವರದು, ಕೊನೇ ದಿನ ನಮ್ಮದು, ಇವರ ಪದ್ಧತಿ ಅದು.

ಅಕ್ಟೋಬರ್ 27, ಬೆಳಿಗ್ಗೆ 11

ಮೂವತ್ತೆಂಟರಲ್ಲಿ ಒಬ್ಬರಾದ ಶಾಲೆಯ ಡ್ರಿಲ್ ಮೇಷ್ಟ್ರು ಫೋನ್ ಹಿಡಿದು ಬಂದಿದ್ದರು.

"ಏನಮ್ಮಾ, ನಿಮ್ಮ ಯಜಮಾನ್ರು ನನ್ನನ್ನ ಅಂಗವಿಕಲ ಮಾಡಿಬಿಟ್ಟಿದ್ದಾರಲ್ಲ! ದಿನಾ ಮೈದಾನ ಹತ್ತು ಸುತ್ತು ಓಡ್ತೀನಿ ನಾನು!"

ನಗುತ್ತಲೇ ತೋರಿಸಿದರು. ನನಗೆ ನಗು ಬರಲಿಲ್ಲ. ಹನ್ನೆರಡನೇ ಕಾಲಂ — "ಅಂಗವೈಕಲ್ಯ ವಿನಾಯಿತಿ". ಈ ವರ್ಷ ಹೊಸದಾಗಿ ಸೇರಿಸಿದ್ದಾರೆ. ಹಳೇ ಫಾರ್ಮಿನಲ್ಲಿ ಆ ಜಾಗದಲ್ಲಿ ವಿಮೆ ಇತ್ತು. ಇವರು ವಿಮೆಯನ್ನು ಅಲ್ಲೇ ಹಾಕಿದ್ದಾರೆ. ಅಲ್ಲಿಂದ ಕೆಳಗೆ ಎಲ್ಲವೂ ಒಂದೊಂದು ಮನೆ ಆಚೀಚೆ. ಮೇಷ್ಟ್ರನ್ನು ಕಳಿಸಿ ಉಳಿದವನ್ನು ತೆಗೆದು ನೋಡಿದೆ. ಮೂವತ್ತೆಂಟೂ ಹಾಗೇ.

ಸುಳ್ಳು ವಿನಾಯಿತಿ ಅಂದರೆ ವಿಚಾರಣೆ. ತುಂಬಿಕೊಟ್ಟವರ ಪರವಾನಗಿ ರದ್ದು. ತಿದ್ದಲು ಮೂವತ್ತೊಂದರ ಸಂಜೆ ಆರರವರೆಗೆ ಸಮಯ.

ಇವರು ಕ್ಷೌರದಂಗಡಿಯಿಂದ ಬಂದ ತಕ್ಷಣ ಹೇಳಿದೆ. "ಎಲ್ಲಾನೂ?" "ಎಲ್ಲಾನೂ." ಕುರ್ಚಿಯಲ್ಲಿ ಕೂತು, "ಒಂದು ಟ್ಯಾಬ್ ಜಾಸ್ತಿ ಒತ್ತಿದ್ರಾಯ್ತು. ನೀನು ಓದು."

"ಟ್ಯಾಬ್ ಲೆಕ್ಕ ಯಾಕ್ರೀ? ಅಷ್ಟು ದೊಡ್ಡದಾಗಿ ಬರೆದಿದೆ, ಕಣ್ಣು ಕಾಣಲ್ವಾ?"

ಕೀಬೋರ್ಡ್ ಹತ್ತಿರ ಎಳೆದುಕೊಂಡರು.

ಅಕ್ಟೋಬರ್ 28, ಮಧ್ಯಾಹ್ನ

ಮೂರನೇ ಫೈಲು ಓದುತ್ತಿದ್ದೆ. ಒಂದು ಚೀಟಿ ಕೆಳಗೆ ಬಿತ್ತು. ಬಗ್ಗಿದರೆ ಸ್ಕ್ರೀನಿನ ಪ್ಲಗ್ಗು ಕಿತ್ತುಕೊಂಡು ಬಿದ್ದಿದೆ, ನನ್ನ ಕಾಲೇ ತಾಗಿರಬೇಕು. ತಲೆಯೆತ್ತಿ ನೋಡಿದೆ. ಸ್ಕ್ರೀನು ಕಪ್ಪು. ಇವರು ಹುಬ್ಬು ಗಂಟುಹಾಕಿ ಅದನ್ನೇ ನೋಡುತ್ತ ಟೈಪ್ ಮಾಡುತ್ತಿದ್ದಾರೆ.

"ಹ್ಞೂಂ. ಮುಂದೆ."

ಓದಿದೆ. ಇನ್ನೇನು ಮಾಡಲಿ? ಕೊನೆಯವರೆಗೂ ಓದಿದೆ. "ನೋಡು, ಈಗ ಎಲ್ಲಾ ಸರಿಯಾಗಿ ಕೂತಿದೆ" ಅಂದರು. "ಹೌದು ರೀ" ಅಂದೆ. ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ.

3 ಗಂಟೆ

ಬೆರಳಿಗೆ ಗುರುತು ಸಿಗಲೆಂದು ಅಂಟಿನ ಬೊಟ್ಟು. ಮೌಸಿನ ಮೇಲೆ ದ್ವೇಷ. ದಿನಾ ಪೇಪರ್ ಓದಿಸುತ್ತಾರೆ, "ನಿನ್ನ ದನೀಲಿ ಕೇಳೋಕೆ ಚೆಂದ" ಅಂತ. ನಾನು ಈ ವಯಸ್ಸಿನಲ್ಲಿ ನಾಚಿಕೊಂಡಿದ್ದೆ! ಆ ಅಂಟನ್ನು ಕೆರೆದದ್ದು ಈ ಕೈಯೇ. ಅಯ್ಯೋ ಕರ್ಮವೇ. ಎದುರಿಗೇ ಕೂತಿದ್ದೆನಲ್ಲ, ಏನು ನೋಡುತ್ತಿದ್ದೆ ನಾನು?

ಅಕ್ಟೋಬರ್ 29

ನನಗೆ ಗೊತ್ತಾಗಿದೆ ಅಂತ ಹೇಳಲು ಬಾಯಿ ಬರಲಿಲ್ಲ. ಇವರು ಒತ್ತುತ್ತಾರೆ, ತಿದ್ದುವಾಗ ಹೊಸ ಸಾಫ್ಟ್‌ವೇರು ನಡುನಡುವೆ ಏನಾದರೂ ಕೇಳುತ್ತದೆ, ಟ್ಯಾಬ್ ಲೆಕ್ಕ ಮತ್ತೆ ತಪ್ಪುತ್ತದೆ. ಇಡೀ ದಿನದಲ್ಲಿ ಒಂದೂ ಸರಿಯಾಗಲಿಲ್ಲ. ಹೇಳಿದರೆ ಇವರು ಕುಸಿಯುತ್ತಾರೆ. ಹೇಳದಿದ್ದರೆ ಮೂವತ್ತೆಂಟು ಜನ ಬಾಗಿಲಿಗೆ ಬರುತ್ತಾರೆ.

ಅಕ್ಟೋಬರ್ 30

ಬೆಳಿಗ್ಗೆ ಇವರ ಕುರ್ಚಿಯಲ್ಲಿ ಹೋಗಿ ಕೂತೆ.

"ಇವತ್ತು ನಾನು ಟೈಪ್ ಮಾಡ್ತೀನಿ. ನನಗೆ ಗಂಟಲು ಕಟ್ಟಿದೆ, ಓದಕ್ಕಾಗಲ್ಲ."

"ಗಂಟಲು ಕಟ್ಟಿದೋಳು ಇಷ್ಟುದ್ದ ಮಾತಾಡ್ತೀಯಲ್ಲೇ." ಆಮೇಲೆ ಗೋಡೆ ಹಿಡಿದು ನಿಂತರು. "ಯಾವತ್ತು ಗೊತ್ತಾಯ್ತು?"

"ಮೊನ್ನೆ. ಸ್ಕ್ರೀನ್ ಆಫ್ ಆಗಿತ್ತು."

"ಸರಿಯಾಗಿ ಕೂತಿದೆ ಅಂದೆ ನಾನು..."

"ಹೂಂ."

"ನೀನೂ ಹೌದು ಅಂದೆ."

"ಹೂಂ."

ನಕ್ಕರು. ನಗುನಗುತ್ತಲೇ ದನಿ ಒಡೆಯಿತು. ಮೂರು ವರ್ಷದಿಂದ ದೃಷ್ಟಿ ಕಡಿಮೆಯಾಗುತ್ತಾ ಬಂದಿದೆಯಂತೆ. ಈಗ ಬೆಳಕು, ನೆರಳು ಅಷ್ಟೇ. ವಾಪಸ್ ಬರುವುದಿಲ್ಲ ಅಂದಿದ್ದಾರಂತೆ ಡಾಕ್ಟರು. "ಹೇಳಿದ್ರೆ ನೀನು ಬೋರ್ಡ್ ಇಳಿಸ್ತಿದ್ದೆ."

"ಇಳಿಸಿ ನಿಮ್ಮ ತಲೆ ಮೇಲೆ ಹಾಕ್ತಿದ್ದೆ!" ಅಂದೆ. ಕೈ ಹಿಡಿದುಕೊಂಡು ಕೂರಿಸಿದೆ.

ಏನು ಜ್ಞಾಪಕಶಕ್ತಿ ಈ ಮನುಷ್ಯನದು! ಎರಡು ವಾರದ ಹಿಂದೆ ಒಮ್ಮೆ ಕೇಳಿದ್ದ ಅಂಕಿಗಳನ್ನು ಫೈಲು ತೆರೆಯದೆ ಹೇಳುತ್ತಾರೆ. ನಾನು ಕೋಳಿ ಕಾಳು ಹೆಕ್ಕಿದ ಹಾಗೆ ಎರಡು ಬೆರಳಲ್ಲಿ ಕುಟ್ಟುತ್ತೇನೆ. "ಹ್ಞೂಂ. ಮುಂದೆ" ಅನ್ನುವ ಸರದಿ ನನ್ನದು. ಸಂಜೆಗೆ ಹತ್ತೊಂಬತ್ತು.

ಅಕ್ಟೋಬರ್ 31, ಮಧ್ಯಾಹ್ನ 2

ಇಪ್ಪತ್ತೊಂಬತ್ತು. ಇಲಾಖೆಯ ವೆಬ್‌ಸೈಟು ನಿಂತಿದೆ. ಚಕ್ರ ಸುತ್ತುತ್ತಿದೆ, ಸುತ್ತುತ್ತಲೇ ಇದೆ. ಊರಿಗೆ ಊರೇ ಈಗ ತುಂಬುತ್ತಿರಬೇಕು.

5 ಗಂಟೆ

ಮೂವತ್ತೆಂಟು! ಡ್ರಿಲ್ ಮೇಷ್ಟ್ರಿಗೆ ಕೈಕಾಲು ವಾಪಸ್ ಬಂದವು. ಈಗ ನಮ್ಮದು.

5.35

ಹನ್ನೊಂದು ಕಾಲಂ ಆಯಿತು. ಗೆರೆ ಹನ್ನೆರಡರಲ್ಲಿ ನಿಂತು ಮಿಟುಕುತ್ತಿದೆ. "ಸೊನ್ನೆ ಹಾಕ್ಲಾ?" ಅಂತ ಕೇಳಿದೆ.

ಸೊನ್ನೆ ಹಾಕಿ ನೋಡಿದೆ. "ತೆರಿಗೆದಾರರಿಗೆ ಯಾವುದೇ ಅಂಗವೈಕಲ್ಯ ಇರುವುದಿಲ್ಲವೆಂದು ದೃಢೀಕರಿಸುತ್ತೇನೆ" ಎಂದು ತಾನೇ ಬರೆದುಕೊಂಡಿತು. ಅಳಿಸಿದೆ. ನಿಜ ಬರೆದರೆ ಇಲಾಖೆಗೆ ಗೊತ್ತಾಗುತ್ತದೆ, ಬೋರ್ಡು ಉಳಿಯುತ್ತದೋ ಇಲ್ಲವೋ. ಸೊನ್ನೆ ಬಿಟ್ಟರೆ ಇವರು ಗೊತ್ತಿದ್ದೂ ಕಳಿಸಿದ ಮೊದಲ ಸುಳ್ಳು.

"ಏನಂತ ಇದೆ? ಜೋರಾಗಿ ಓದು" ಅಂದರು. ಓದಿದೆ.

"ಹ್ಞೂಂ" ಅಂದರು. ಮುಂದೆ ಅನ್ನಲಿಲ್ಲ.

5.44

ಕೂತಿದ್ದಾರೆ. ಬೆರಳು ಟ್ಯಾಬ್ ಮೇಲಿನ ಅಂಟನ್ನು ಸವರುತ್ತಿದೆ. ನನಗೆ ಕೈ ಸುಮ್ಮನಿರದೆ ಇದನ್ನು ಗೀಚುತ್ತಿದ್ದೇನೆ. ಈಗ ಗಂಟಲು ಸರಿಮಾಡಿಕೊಂಡರು. "ಬರ್ಕೋ" ಅಂದರು. "ಎರಡೂ ಕಣ್ಣು —