ಇಸಾರಿಯ ಹನ್ನೊಂದು ಗಂಟು

ಮೇಲ್ದಡ ನೆಲೆ, ಧಾರವಾಡ
ಹೊಸ ಎಣಿಕೆಯ ೧೧೮ನೆಯ ವರ್ಷ, ಯಾವ ತಿಂಗಳಿಗೂ ಸೇರದ ದಿನ

ಹಿಂದಿನ ಕಾಲದಲ್ಲಿ ಮಕ್ಕಳಿಗೆ ಕಸೂತಿ ಕಲಿಸುತ್ತಿರುವವರಿಗೆ ಶಿವಗಂಗಾ ಮೂಲಿಮನಿಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ಪ್ರತಿ ತಿಂಗಳಿಗೂ ಇಪ್ಪತ್ತೆಂಟು ದಿನ. ಕೊನೆಗೆ ಒಂದು ದಿನ ಉಳಿದುಬಿಡುತ್ತದೆ. ಆ ದಿನ ಊರಿಗೆಲ್ಲ ರಜೆ. ಕೆಲಸ ಬಿಡುವವರು ಮಾತ್ರ ಕೂತು ಹಿಂದೋಲೆ ಬರೆಯಬೇಕು, ಅಂದರೆ ತಮ್ಮದೇ ಕಸುಬಿನ ಹಿಂದಿನವರಿಗೆ ಒಂದು ಪತ್ರ. ಅದು ನಿಮ್ಮ ಕೈ ಸೇರುತ್ತದೋ ಇಲ್ಲವೋ ಯಾರೂ ಹೇಳುವುದಿಲ್ಲ. ಕೇಳುವಷ್ಟು ಉತ್ಸಾಹ ನನಗೂ ಉಳಿದಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ; ಇಷ್ಟು ವರ್ಷ ಹತ್ತೊಂಬತ್ತು ಭಾಷೆಯ ಮಕ್ಕಳ ನಡುವೆ ಇದ್ದ ಬಾಯಿ ಇದು.

ಕಡಲು ಏರಿದ ಮೇಲೆ ಕರಾವಳಿಯವರನ್ನೂ ದ್ವೀಪದವರನ್ನೂ ಘಟ್ಟದ ಮೇಲಿನ ಬಯಲಿಗೆ ತಂದು ಇಳಿಸಿದರು. ಇಂಥ ಬಿಡಾರಗಳಿಗೆ ಮೇಲ್ದಡ ಎಂದು ಹೆಸರು. ಬೆಳಿಗ್ಗೆ ನೀರಿನ ಸಾಲು, ಆಮೇಲೆ ರೊಟ್ಟಿಯ ಸಾಲು, ಆಮೇಲೆ ಶಾಲೆ. ಹುಟ್ಟಿದಾಗಿನಿಂದ ಮೀನು ತಿಂದ ಮಕ್ಕಳು ಜೋಳದ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತವೆ, ಇದನ್ನು ಎಲ್ಲಿಂದ ಶುರುಮಾಡುವುದು ಎನ್ನುವ ಹಾಗೆ. ಪ್ರತಿಯೊಬ್ಬರ ಕೊರಳಲ್ಲೂ ಒಂದು ನುಡಿಮಣಿ ಇರುತ್ತದೆ. ಒಬ್ಬರ ಮಾತನ್ನು ಇನ್ನೊಬ್ಬರ ಭಾಷೆಗೆ ತಿರುಗಿಸುವುದು ಅದರ ಕೆಲಸ. ಎಷ್ಟೇ ಅತ್ತು ಹೇಳಿದರೂ ಅದು ನಿಮ್ಮ ಕಾಲದ ವಾರ್ತೆ ಓದುವವರ ಹಾಗೆ ತಣ್ಣಗೆ ಹೇಳುತ್ತದೆ. ಮಕ್ಕಳಿಗೂ ಅದು ಬೇಗ ಗೊತ್ತಾಗಿ, ಏನು ಕೇಳಿದರೂ ಚೆನ್ನಾಗಿದ್ದೇವೆ ಎಂದು ಮುಗಿಸಿಬಿಡುತ್ತಿದ್ದವು.

ಅದಕ್ಕೇ ಸೂಜಿ ದಾರದ ಪಾಠ ಶುರುವಾಯಿತು. ಬಾಯಲ್ಲಿ ಹೇಳಲಾಗದ್ದನ್ನು ಬಟ್ಟೆಯ ಮೇಲೆ ಹೇಳಲಿ ಎಂಬುದು ಮೇಲಿನವರ ಆಸೆ. ಮಕ್ಕಳು ನವಿಲು, ಗಿಳಿ ಬಿಟ್ಟು ದೋಣಿ, ಮುಳುಗಿದ ಮನೆಯ ಚಾವಣಿ, ನಾಯಿ ಇವನ್ನೆಲ್ಲ ಹೊಲಿದವು. ನಾನು ಬೇಡವೆನ್ನಲಿಲ್ಲ. ಒಂದು ನಿಯಮವನ್ನು ಮಾತ್ರ ಬಿಡಲಿಲ್ಲ. ನಿಮಗೆ ಗೊತ್ತೇ ಇದೆ, ಗವಂತಿ ಹೊಲಿಗೆಯಲ್ಲಿ ದಾರ ಹೋದ ದಾರಿಯಲ್ಲೇ ಮರಳಿ ಬಂದು ಖಾಲಿ ಬಿಟ್ಟದ್ದನ್ನು ತುಂಬುತ್ತದೆ. ಬಟ್ಟೆಯ ಹಿಂದೂ ಮುಂದೂ ಒಂದೇ ಆಗಿರಬೇಕು, ಎಲ್ಲೂ ಗಂಟು ಬೀಳಕೂಡದು. ನನಗೆ ಕಲಿಸಿದ ನಿಂಬೆವ್ವ ಮೊದಲು ಹಿಂಬದಿಯನ್ನೇ ನೋಡುತ್ತಿದ್ದಳು. "ಗಂಟ ಹಾಕೂದಿದ್ರ ಗೋಣಿಚೀಲ ಹೊಲಿ, ಹೋಗ" ಎಂದು ಬೆರಳ ಮೇಲೆ ಹೊಡೆಯುತ್ತಿದ್ದಳು. ನಾನು ಮಕ್ಕಳನ್ನು ಹೊಡೆಯಲಿಲ್ಲ. ಅವು ಊಟಕ್ಕೆ ಹೋದಾಗ ಗಂಟುಗಳನ್ನೆಲ್ಲ ಬಿಚ್ಚಿ, ದಾರದ ತುದಿಗಳನ್ನು ಹೊಲಿಗೆಯೊಳಗೆ ಸೇರಿಸಿಡುತ್ತಿದ್ದೆ. ಅದನ್ನು ಪ್ರೀತಿ ಎಂದೇ ತಿಳಿದಿದ್ದೆ.

ಇಸಾರಿ ಈಗ ನಕಾಶೆಯಲ್ಲಿಲ್ಲದ ದ್ವೀಪವೊಂದರಿಂದ ಬಂದ ಹದಿಮೂರು ವರ್ಷದ ಹುಡುಗಿ. ಬಲೆ ನೇಯುವವರ ಮನೆಯವಳು. ಚಿಕ್ಕಮ್ಮನೊಬ್ಬಳನ್ನು ಬಿಟ್ಟರೆ ಜೊತೆಗೆ ಯಾರೂ ಇರಲಿಲ್ಲ. ಬಂದ ದಿನವೇ ಸೂಜಿ ಕೇಳಿ ಪಡೆದಳು. ನೀಲಿ ದಾರದಲ್ಲಿ ಒಂದು ದೋಣಿ ಹೊಲಿದಳು, ಹಿಂಬದಿಯಲ್ಲಿ ಹನ್ನೊಂದು ಗಂಟು. ಇಷ್ಟು ಚೆಂದದ ಕೈ ಇಷ್ಟು ಗಂಟು ಹಾಕುವುದೇ ಎಂದು ಬೇಜಾರಾಗಿ, ಎರಡು ಮಧ್ಯಾಹ್ನ ಕೂತು ಒಂದೊಂದನ್ನೂ ಸೂಜಿಮೊನೆಯಲ್ಲಿ ಸಡಿಲಿಸಿ ತೆಗೆದೆ. ಬಟ್ಟೆ ತೊಳೆದು ಒಣಗಿಸಿದೆ. ಮರುದಿನ ಇಡೀ ತರಗತಿಯ ಮುಂದೆ ಅದನ್ನು ತಿರುಗಿಸಿ ಹಿಡಿದು, ನೋಡಿ, ಹಿಂಬದಿ ಹೀಗಿರಬೇಕು ಎಂದು ಹೊಗಳಿದೆ. ಅವಳು ಎದ್ದು ಬಂದು ಬಟ್ಟೆಯ ಹಿಂಬದಿಯ ಮೇಲೆ ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು. ಅವತ್ತಿನಿಂದ ಸೂಜಿ ಮುಟ್ಟಲಿಲ್ಲ, ಊಟದ ತಟ್ಟೆ ಅರ್ಧಕ್ಕೇ ಬಿಟ್ಟು ಏಳತೊಡಗಿದಳು.

ತಿಂಗಳಾದ ಮೇಲೆ ಅವಳ ಚಿಕ್ಕಮ್ಮ ನನ್ನನ್ನು ಹುಡುಕಿಕೊಂಡು ಬಂದಳು. ಅವರ ದ್ವೀಪದವರು ಊರು ಬಿಡುವ ದಿನ, ಜೊತೆಗೆ ಬಾರದೆ ಉಳಿದವರ ಮುಖವನ್ನು ನೆನೆದು ತಲೆಗೊಂದು ಗಂಟು ಹಾಕುತ್ತಾರಂತೆ. ಇಸಾರಿ ದೋಣಿಯಲ್ಲೇ ದಾರಕ್ಕೆ ಹನ್ನೊಂದು ಗಂಟು ಹಾಕಿ, ಬಿಚ್ಚದಂತೆ ಮುಷ್ಟಿಯಲ್ಲಿ ಹಿಡಿದು ಇಲ್ಲಿವರೆಗೂ ತಂದಿದ್ದಳಂತೆ. ಗಂಟುಗಳು ಹಿಂಬದಿಯಲ್ಲೇ ಉಳಿಯುವ ಹಾಗೆ ಅದೇ ದಾರದಲ್ಲಿ ಹೊಲಿದಿದ್ದಳು. ಅಪ್ಪ, ಅವ್ವ, ಅಜ್ಜಿ, ಕೊನೆಗೆ ಹೆಸರಿಡದ ಒಂದು ಕೂಸು. ಚಿಕ್ಕಮ್ಮ ಅಳುತ್ತ ಹೇಳಿದಳು, ನುಡಿಮಣಿ ತಣ್ಣಗೆ ಹೇಳಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಇಸಾರಿಯ ಮುಂದೆ ಹೋಗಿ ಕೂತು ತಪ್ಪಾಯಿತೆಂದು ಹೇಳಿದೆ. ದಾರ ಕೊಟ್ಟು, ಮತ್ತೆ ಹಾಕಮ್ಮ ಎಂದು ಬೇಡಿಕೊಂಡೆ. ಬಿಟ್ಟು ಬಂದ ದಿನವೇ ಹಾಕಬೇಕು, ಆ ದಿನ ಆಗಿಹೋಯಿತು ಎಂದಷ್ಟೇ ಅವಳು ಹೇಳಿದಳು. ಕೋಪದಿಂದ ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಎಂಟು ದಿನಕ್ಕೆ ಅವರನ್ನು ಉತ್ತರದ ನೆಲೆಗೆ ಸಾಗಿಸುವ ಆದೇಶ ಬಂತು. ಹೊರಡುವ ಬೆಳಿಗ್ಗೆ ಬಂಡಿಯ ಹತ್ತಿರ ಹೋದೆ. ಇಸಾರಿ ದೋಣಿಯ ಬಟ್ಟೆಯನ್ನು ತೊಡೆಯ ಮೇಲೆ ತಿರುವಿಹಾಕಿ ಕೂತಿದ್ದಳು, ಕೈಯಲ್ಲಿ ಸೂಜಿ ಇತ್ತು. ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು. ತಲೆ ತಗ್ಗಿಸಿ ಒಂದು ಗಂಟು ಹಾಕಿದಳು. ಒಂದೇ. ಬಂಡಿ ಹೊರಟಿತು.

ಹನ್ನೊಂದು ಜನರಿದ್ದ ಬಟ್ಟೆಯಲ್ಲಿ ಈಗ ಇರುವವಳು ನಾನೊಬ್ಬಳೇ, ಅವರನ್ನು ಅಳಿಸಿದವಳು. ಅದು ಕ್ಷಮೆಯೋ, ಬರೀ ಅವರ ಪದ್ಧತಿಯೋ ನನಗೆ ಗೊತ್ತಿಲ್ಲ. ಏಳು ವರ್ಷದಿಂದ ಯೋಚಿಸಿ ದಣಿದಿದ್ದೇನೆ. ಅವಳಿಗಿಂತ ಮೊದಲಿನ ಮಕ್ಕಳ ಬಟ್ಟೆಗಳಿಂದ ಎಷ್ಟು ಗಂಟು ತೆಗೆದೆ, ಅವುಗಳಲ್ಲಿ ಏನೇನಿತ್ತು ಎಂದು ಕೇಳೋಣವೆಂದರೆ ಆ ಮಕ್ಕಳೂ ಈಗ ಇಲ್ಲಿಲ್ಲ.

ಆದ್ದರಿಂದ ನನ್ನದೊಂದು ಕೋರಿಕೆ. ಗವಂತಿ ಕಲಿಸಿ, ಹಿಂಬದಿಯನ್ನೂ ನೋಡಿ. ಆದರೆ ಗಂಟು ಕಂಡರೆ ಕತ್ತರಿಗೆ ಕೈ ಹಾಕುವ ಮೊದಲು, ಇದೇನು ಎಂದು ಆ ಮಗುವನ್ನು ಒಂದು ಮಾತು ಕೇಳಿ. ನಾನು ಕೇಳಲಿಲ್ಲ.

ಇವತ್ತು ನಾನೂ ಈ ಶಾಲೆ ಬಿಟ್ಟು ಹೋಗುತ್ತಿದ್ದೇನೆ. ಈ ಹಾಳೆಗಳನ್ನು ಹೊಲಿದ ನೀಲಿ ದಾರದ ತುದಿಯಲ್ಲಿ ಒಂದು ಗಂಟಿದೆ. ಐವತ್ತು ವರ್ಷದ ಕಸೂತಿಯಲ್ಲಿ ನಾನು ಹಾಕಿದ ಮೊದಲ ಗಂಟು, ಕೈಗೆ ರೂಢಿಯಿಲ್ಲದೆ ಸೊಟ್ಟಗಾಗಿದೆ. ಅದು ಇಸಾರಿ. ದಯವಿಟ್ಟು ಬಿಚ್ಚಬೇಡಿ.