ಶಿವದಾರದ ಪೆನ್‌ಡ್ರೈವ್

ಪ್ರೀತಿಯ ಗಿರಿಜಕ್ಕ,

ಹೋದ ವಾರ ಆನೇಮಹಲ್ ಮನೆಗೆ ಹೋಗಿದ್ದೆ. ನಿಮ್ಮ ಹಳೇ ಕಂಪ್ಯೂಟರ್ ಇನ್ನೂ ಬದುಕಿದೆ, ಆನ್ ಮಾಡಿದರೆ ಅದೇ ಗೊರಗೊರ. ಅದರ ಸುದ್ದಿ ಹೇಳುವುದಕ್ಕೇ ಕೂತಿದ್ದೇನೆ. ಆದರೆ ನಿಮ್ಮ ಈ ಓರಗಿತ್ತಿ ಎಂಥ ಬಾಯಿಬಡುಕಿ ಅಂತ ಗೊತ್ತಲ್ಲ, ಊರೆಲ್ಲ ಸುತ್ತಿಯೇ ಸುದ್ದಿಗೆ ಬರುತ್ತೇನೆ.

ಹೋಂಸ್ಟೇ ಶುರು ಮಾಡಿದ ವರ್ಷ ನೆನಪಿದೆಯೇ? ಕೋಣೆಗಳು ನಿಮ್ಮ ಮನೆಯಲ್ಲಿ, ಪೇಟೆ ಕೆಲಸವೆಲ್ಲ ಬಾಳ್ಳುಪೇಟೆಯ ನಮ್ಮ ಅಂಗಡಿಯ ಅಟ್ಟದಲ್ಲಿ. ಮೇಲ್ ವಿಳಾಸ ಮಾತ್ರ ಒಂದೇ. ಬಂದ ಮೇಲ್‌ಗಳೆಲ್ಲ ಒಂದೇ ಫೈಲಿನಲ್ಲಿ ಇರುತ್ತಿದ್ದವು, ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ನಾವಿಬ್ಬರೂ ಬಸ್ಸಿನಲ್ಲಿ ಓಡಾಡುತ್ತಿದ್ದೆವು. ಕಳೆದುಹೋದೀತೆಂದು ನೀವು ಅದನ್ನು ಕೊರಳಿನ ಶಿವದಾರಕ್ಕೇ ಕಟ್ಟಿಕೊಂಡಿರಿ. ಲಿಂಗದ ಕರಡಿಗೆಯ ಪಕ್ಕ ಅದು ನೇತಾಡುವುದನ್ನು ಕಂಡ ಅತ್ತೆ, "ಇದ್ಯಾವ ಹೊಸ ದೀಕ್ಷೆ ಕಣೇ ಗಿರಿಜ?" ಅಂದಿದ್ದರು. ನೀವು ನಗಲೇ ಇಲ್ಲ. ಬರುವವರ ಸಮಾಚಾರವೆಲ್ಲ ಇದರಲ್ಲೇ ಇದೆ ಅಂದು ಸೆರಗು ಮುಚ್ಚಿಕೊಂಡಿರಿ.

ಆಮೇಲೆ ನಾನು ಅಂಗಡಿಗೆ ಹೊಸ ಕಂಪ್ಯೂಟರ್ ತಂದೆ. ಅದರಲ್ಲಿದ್ದ ಮೇಲ್ ಪ್ರೋಗ್ರಾಂ ಹೊಸ ವರ್ಷನ್. ನಿಮ್ಮ ಫೈಲಿನಲ್ಲಿದ್ದುದನ್ನೆಲ್ಲ ಹೊಸ ನಮೂನೆಯ ಫೈಲಿಗೆ ತುಂಬಿ ಹೆಮ್ಮೆಯಿಂದ ತಂದುಕೊಟ್ಟರೆ, ನಿಮ್ಮ ಹಳೇ ಪ್ರೋಗ್ರಾಂ ಅದನ್ನು ತೆರೆಯಲೇ ಇಲ್ಲ. ಹಳತನ್ನು ಹೊಸದು ಓದುತ್ತದೆ, ಹೊಸದನ್ನು ಹಳತು ಓದುವುದಿಲ್ಲ ಎಂದು ನನಗೆ ಯಾರು ಹೇಳಿದ್ದರು? ನಿಮ್ಮೆಜಮಾನರು, ನಮ್ಮ ಭಾವ, ಜಗಲಿಯಿಂದಲೇ ತೀರ್ಪು ಕೊಟ್ಟರು: "ಎಲ್ಲ ಬಾಳ್ಳುಪೇಟೇಲೇ ಇರ್ಲಿ ಬುಡು. ನಿಂಗೆ ಒಲೆ ಮುಂದೆ ಕೆಲ್ಸ ಕಮ್ಮಿ ಐತಾ?" ನೀವು ಪೆನ್‌ಡ್ರೈವ್ ಬಿಚ್ಚಿ ನನ್ನ ಕೈಗಿಟ್ಟು ಒಳಗೆ ಹೋದಿರಿ. ಅಕ್ಕ, ಆ ಹೊತ್ತು ನನಗಾದ ಸಂಕಟ... ಬರೀ ಮೇಲ್ ನೋಡುವ ಕೆಲಸವಾಗಿತ್ತೇ ಅದು? ಎಲ್ಲೆಲ್ಲಿಂದಲೋ ಜನ ನಿಮ್ಮ ಹೆಸರು ಹಿಡಿದು ಬರೆಯುತ್ತಿದ್ದರು. ಆ ಮನೆಯಲ್ಲಿ ಅದೊಂದು ಪೂರ್ತಿ ನಿಮ್ಮದಾಗಿತ್ತು.

ಹೊಸ ಪ್ರೋಗ್ರಾಂನಲ್ಲೇ ಹಳೇ ನಮೂನೆಯ ಫೈಲು ಮಾಡಬಹುದೆಂದು ತಿಳಿದ ದಿನ ಎಲ್ಲ ಮೇಲ್‌ಗಳನ್ನೂ ಅದಕ್ಕೆ ಸುರಿದು, ಅಂಗಡಿ ಬಿಟ್ಟು ಬಸ್ ಹತ್ತಿಬಿಟ್ಟೆ. ನಿಮ್ಮಲ್ಲೂ ತೆರೆಯಿತು, ನನ್ನಲ್ಲೂ ತೆರೆಯಿತು. ಷರತ್ತು ಒಂದೇ, ಪೆನ್‌ಡ್ರೈವ್ ಯಾರ ಹತ್ತಿರ ಇದೆಯೋ ಅವರೇ ಮೇಲ್ ನೋಡಬೇಕು. ನೀವು ಕೇಳುವವರೇ? ಮೊಸರಿಗೆ ಹೆಪ್ಪು ಎತ್ತಿಡುವ ಹಾಗೆ ಪ್ರತಿ ಸಲವೂ ನಿಮ್ಮ ಕಂಪ್ಯೂಟರಿನಲ್ಲಿ ಒಂದು ಕಾಪಿ ಉಳಿಸಿಕೊಂಡು, ಅದನ್ನೇ ನೋಡಿ ಒಂದು ಸಂಸಾರಕ್ಕೆ ಕೋಣೆ ಕೊಟ್ಟಿರಿ. ಅದೇ ಕೋಣೆಯನ್ನು ನಾನು ಇನ್ನೊಬ್ಬರಿಗೆ ಕೊಟ್ಟಾಗಿತ್ತು. ಎರಡು ಜೀಪು ಒಟ್ಟಿಗೆ ಅಂಗಳಕ್ಕೆ ಬಂದಾಗ ನಿಮ್ಮ ಮುಖ ನೋಡಬೇಕಿತ್ತು. ಕೊನೆಗೆ ನಿಮ್ಮ ಕೋಣೆಯನ್ನೇ ಅವರಿಗೆ ಬಿಟ್ಟು ನಾವಿಬ್ಬರೂ ಸ್ಟೋರಿನಲ್ಲಿ ಕಾಫಿ ಮೂಟೆಗಳ ಮಧ್ಯೆ ಮಲಗಿದೆವು. ಅಷ್ಟು ನಕ್ಕಿದ್ದು ನಾನು ಮತ್ತೆಂದೂ ಇಲ್ಲ.

ಈಗ ಸುದ್ದಿ. ನೀವೇ ಇಲ್ಲವಾದ ಮೇಲೆ ಹಳೇ ನಮೂನೆ ಯಾರಿಗೆ ಬೇಕು, ಎಲ್ಲವನ್ನೂ ಹೊಸದಕ್ಕೆ ಹಾಕಿ ನಿಮ್ಮ ಕಂಪ್ಯೂಟರನ್ನು ತೆಗೆದುಬಿಡೋಣ ಎಂದುಕೊಂಡೇ ಹೋಗಿದ್ದೆ. ಹೋಗಿ ನೋಡಿದರೆ ನೀವು ಉಳಿಸಿಟ್ಟ ಕಾಪಿ ತೆರೆದುಕೊಂಡು ಅದರ ಮುಂದೆ ಭಾವ ಕೂತಿದ್ದಾರೆ. ನಂಬುತ್ತೀರಾ? ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಉತ್ತರ ಬರೆಯುತ್ತಾರೆ. ಯಾರು ಕಲಿಸಿದರು ಅಂದರೆ, ನೀವು ಮಾಡುವುದನ್ನು ಜಗಲಿಯಿಂದ ನೋಡುತ್ತಿದ್ದರಂತೆ. ನೀವು ಕೂರಿಸಿಟ್ಟಿದ್ದ 'ಗಿರಿಜ, ಆನೇಮಹಲ್' ಎಂಬ ಸಾಲು ಆ ಕಂಪ್ಯೂಟರಿನಿಂದ ಹೋಗುವ ಪ್ರತಿ ಉತ್ತರದ ಕೆಳಗೂ ತಾನಾಗಿಯೇ ಬರುತ್ತದಲ್ಲ, ಅದು ಇನ್ನೂ ಹೋಗುತ್ತಿದೆ. ಪಾಪ, ತೆಗೆಯಲು ಬರುವುದಿಲ್ಲವೇನೋ ಎಂದು ನಾನು ಮೌಸ್ ಹಿಡಿದೆ.

"ಅದನ್ನ ಮುಟ್ಬೇಡ ಕಣಮ್ಮ," ಅಂದರು ಭಾವ. "ಅವಳ್ದು ಅದು."

ನಾನು ಏನೂ ಮುಟ್ಟಲಿಲ್ಲ ಅಕ್ಕ. ಬಾಳ್ಳುಪೇಟೆಯಲ್ಲಿ ಎಂಥ ಹೊಸ ವರ್ಷನ್ ಬರಲಿ, ಫೈಲು ಮಾತ್ರ ನಿಮ್ಮ ಕಂಪ್ಯೂಟರ್ ಓದುವ ಹಾಗೇ ಇರುತ್ತದೆ. ಹೊರಡುವಾಗ ನನ್ನ ಹತ್ತಿರವಿದ್ದ ಪೆನ್‌ಡ್ರೈವ್ ಭಾವನ ಮುಂದಿಟ್ಟೆ. ಅವರು ಅಂಗಿಯ ಗುಂಡಿ ಬಿಚ್ಚಿ, ಶಿವದಾರ ಈಚೆಗೆ ಎಳೆದು, ಕರಡಿಗೆಯ ಪಕ್ಕದಲ್ಲೇ ಅದನ್ನು ಕಟ್ಟಿಕೊಂಡರು.

ನಿಮ್ಮ ಬಾಯಿಬಡುಕಿ,
ಶಾಂತ