ಮೊದಲ ಪದಕ್ಕೇ ಮಡಚಿಟ್ಟ ಪತ್ರ

ರಿಗ್ಗೈ, ಕುವೈತ್
೬ ನವೆಂಬರ್ ೨೦೧೨

ಲೂರ್ಡ್ಸ್ ಬಾಯಿಯವರಿಗೆ,

ನಿಮ್ಮ ಹೆಸರಿಗೆ ಮೊದಲು ಏನು ಬರೆಯಬೇಕೆಂದು ತಿಳಿಯದೆ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದೆ. ‘ಪ್ರೀತಿಯ’ ಎಂದರೆ ಸುಳ್ಳಾಗುತ್ತದೆ. ‘ಮಾನ್ಯ’ ಎಂದರೆ ಪಂಚಾಯತಿಗೆ ಅರ್ಜಿ ಬರೆದಂತಾಗುತ್ತದೆ. ಕೊನೆಗೆ ಹೆಸರಷ್ಟೇ ಬರೆದೆ. ನಾನು ಹರಿಣಾಕ್ಷಿ, ಭೋಜ ಅವರ ಹೆಂಡತಿ. ನಾವಿಬ್ಬರೂ ಒಮ್ಮೆಯೂ ಮುಖ ನೋಡಿದವರಲ್ಲ. ಆದರೂ ಇಪ್ಪತ್ತೊಂದು ವರ್ಷಗಳಿಂದ ನೀವು ನನ್ನ ಮನೆಯಲ್ಲೇ ಇದ್ದೀರಿ, ನಾನು ಕರೆಯದೆ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಇಲ್ಲಿಗೆ ನುಗ್ಗಿದಾಗ ಇವರ ಧಣಿ, ವೀಸಾ ಕೊಟ್ಟ ಕಫೀಲನ ಕುಟುಂಬ ರಜೆಗೆಂದು ಲಂಡನ್ನಿಗೆ ಹೋಗಿತ್ತು. ಸಮುದ್ರದ ಬದಿಯ ಅವರ ಅಜ್ಜನ ಕಾಲದ ಮನೆಯ ಬೀಗದ ಕೈ ಡ್ರೈವರ್ ಆಗಿದ್ದ ಇವರ ಬಳಿ ಉಳಿಯಿತು. ಸೆಪ್ಟೆಂಬರಿನಲ್ಲಿ ನಾನು ಎಂಟು ತಿಂಗಳ ಮಗಳು ಶರಣ್ಯಾಳನ್ನು ಎತ್ತಿಕೊಂಡು ಊರಿಗೆ ಮರಳಲು ಜೋರ್ಡಾನಿನ ಅಮ್ಮಾನಿಗೆ ಹೋಗುವ ಬಸ್ಸು ಹತ್ತುವಾಗ, ನೀವೂ ಬನ್ನಿ ಎಂದು ಇವರ ಕಾಲು ಹಿಡಿಯುವುದೊಂದು ಬಾಕಿ. “ಬೀಗದ ಕೈ ನನ್ನ ಹತ್ತಿರ ಉಂಟು ಮಾರಾಯ್ತಿ, ಬಿಟ್ಟು ಬರುವುದು ಹೇಗೆ?” ಎಂದರು. ಆ ಬೀಗ ತೆಗೆದು, ಗಾಯಾಳುಗಳನ್ನು ನೋಡಲು ಆಸ್ಪತ್ರೆಯ ನರ್ಸ್ ಆಗಿದ್ದ ನಿಮ್ಮನ್ನು ಒಳಗೆ ಕರೆದ ಸಂಗತಿ ನನಗೆ ತಿಳಿದದ್ದು ಯುದ್ಧ ಮುಗಿದು ಇವರು ಊರಿಗೆ ಬಂದ ಮೇಲೆ.

ಬಂದ ಮೇಲೆ ಇವರ ಬಾಯಲ್ಲಿ ನಿಮ್ಮದೇ ಮಾತು. ಅತಿಥಿಗಳು ಕೂರುವ ದೊಡ್ಡ ಹಾಲನ್ನು ನೀವಿಬ್ಬರೂ ವಾರ್ಡ್ ಮಾಡಿದಿರಂತೆ. ತೇಗದ ಬಾಗಿಲುಗಳನ್ನು ಕಳಚಿ, ಪೆಟ್ಟಿಗೆಗಳ ಮೇಲೆ ಅಡ್ಡ ಇಟ್ಟು, ಗುಂಡೇಟು ತಿಂದವರನ್ನು ಅವುಗಳ ಮೇಲೆ ಮಲಗಿಸಿದಿರಂತೆ. ನಾನು ಅಂಗಿಗೆ ಗುಂಡಿ ಹಾಕುತ್ತಿದ್ದರೆ ಪಕ್ಕದಲ್ಲಿ ಕುಳಿತು, “ಲೂರ್ಡ್ಸ್ ಸಿಸ್ಟರ್ ನಾಲ್ಕೇ ಹೊಲಿಗೆಯಲ್ಲಿ ಮುಗಿಸ್ತಿದ್ರು” ಎನ್ನುತ್ತಿದ್ದರು. ಆ ಅಂಗಿಯನ್ನು ನಾನು ಗುಂಡಿ ಇಲ್ಲದೆಯೇ ಮಡಚಿಟ್ಟೆ.

ನಾನು ಬಿಟ್ಟು ಹೋದ ಟ್ರಂಕಿನಲ್ಲಿದ್ದ ಹತ್ತಿ ಸೀರೆಗಳೆಲ್ಲ ಗಾಯದ ಪಟ್ಟಿಗಳಾದವು. ನನ್ನ ಧಾರೆ ಸೀರೆ, ಮದುವೆ ಮಂಟಪದಲ್ಲಿ ನಾನು ಉಟ್ಟು ನಿಂತ ಆ ಕೆಂಪು ಸೀರೆ, ಹೆಂಗಸರ ಹಾಸಿಗೆಗಳಿಗೆ ಪರದೆಯಾಯಿತು. ಕೊನೆಯ ವಾರ ಬಟ್ಟೆಯೇ ಸಿಗದಾಗ ಅದನ್ನೂ ಹರಿದಿರಿ. “ನೀವಾಗಿ ಕೊಟ್ಟದ್ದಾ, ಅವಳು ಕೇಳಿದ್ದಾ?” ಎಂದು ಇವರಿಗೆ ಒಂದೇ ಒಂದು ಪ್ರಶ್ನೆ ಕೇಳಿದೆ. “ಸಿಸ್ಟರ್ ಕೇಳಿದ್ರು, ಕೊಟ್ಟೆ. ರಕ್ತ ನಿಲ್ಲಬೇಕಲ್ಲ” ಎಂದರು. ಆ ಉತ್ತರದಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ. ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು.

ಉರಿ ಸೀರೆಯದಷ್ಟೇ ಅಲ್ಲ. ಕಾಲುಚೀಲ ಎಲ್ಲಿದೆ ಎಂದು ದಿನವೂ ನನ್ನನ್ನು ಕೇಳುವ ಈ ಮನುಷ್ಯ, ಅಲ್ಲಿ ಮೇಣದ ಬತ್ತಿ ಹಿಡಿದು, ನರಳುವವರ ಹೆಗಲು ಒತ್ತಿ, ಗೇಟಿಗೆ ಬಂದ ಸೈನಿಕರಿಗೆ ಚಹಾ ಕುಡಿಸಿ ಕಳಿಸಿದವರು. ಅಂಥ ಭೋಜನನ್ನು ನಾನು ಕಂಡೇ ಇಲ್ಲ. ನೀವು ಐದು ತಿಂಗಳು ಕಂಡಿರಿ. ಸಾಲದ್ದಕ್ಕೆ ಇವರು ಊರಲ್ಲಿ ನಿಮ್ಮವರು ಪೂಜೆಗೆ ಹೋಗುವ ಇಗರ್ಜಿಯ ಕಂಪೌಂಡಿನ ಪಕ್ಕದಲ್ಲಿ ಬೆಳೆದವರು, ನಿಮ್ಮ ಜೊತೆ ನಿಮ್ಮದೇ ಕೊಂಕಣಿಯಲ್ಲಿ ಮಾತಾಡುತ್ತಿದ್ದರಂತೆ. ನನಗೆ ಆ ಭಾಷೆ ಬರುವುದಿಲ್ಲ.

ನಾವು ಮತ್ತೆ ಕುವೈತಿಗೆ ಬಂದದ್ದು ತೊಂಬತ್ತೆರಡರಲ್ಲಿ. ಅದೇ ವರ್ಷ ನಿಮ್ಮ ಪತ್ರ ಬಂತು. ಇವರು ಡ್ಯೂಟಿಯಲ್ಲಿದ್ದರು, ಒಡೆದವಳು ನಾನು. ಅಕ್ಷರ ಕನ್ನಡದ್ದು, ಮಾತು ಕೊಂಕಣಿ. ‘ಮೊಗಾಚ್ಯಾ ಭೋಜ್’ ಎಂದು ಶುರುವಾಗಿತ್ತು. ನಮ್ಮ ತುಳುವಿನಲ್ಲಿ ಮೋಕೆ ಎಂದರೆ ಪ್ರೀತಿ. ಮೋಕೆಗೂ ಮೊಗಾಕ್ಕೂ ಎಷ್ಟು ದೂರ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮುಂದೆ ಓದದೆ ಮಡಚಿ ಸೂಟ್‌ಕೇಸಿನ ಒಳಬಟ್ಟೆಯ ಅಡಿಗೆ ತುರುಕಿದೆ. ಹರಿಯಲಿಲ್ಲ, ಒಂದು ದಿನ ಇವರ ಮುಖಕ್ಕೆ ಹಿಡಿಯಲು ಬೇಕಾಗುತ್ತದೆಂದು. ಹಿಡಿಯುವ ಧೈರ್ಯವೂ ಬರಲಿಲ್ಲ.

ಕಳೆದ ತಿಂಗಳು ಕೆಳಮನೆಯ ಕೊನ್ರಾಡ್ ಅವರಿಗೆ ಜ್ವರ ಬಂತು. ಹೆಂಡತಿ ಇಲ್ಲದ ಜೀವ, ಅರವತ್ತೈದು ದಾಟಿದೆ. ಗಂಜಿ, ಚಟ್ನಿ ಕಳಿಸಿದೆ. ತೊಳೆದ ಪಾತ್ರೆಯೊಳಗೆ ಒಂದು ಚೀಟಿ ವಾಪಸು ಬಂತು: ‘ಮೊಗಾಚೆ ಹರಿಣಾಕ್ಷಿ ಬಾಯೆ.’ ಅದೇ ಪದ. ಚೀಟಿ ಹಿಡಿದು ಇಳಿದು ಹೋಗಿ, ಇದೇನು ನಿಮ್ಮ ವಯಸ್ಸಿಗೆ ಎಂದು ಕೇಳಿಯೇಬಿಟ್ಟೆ. ಪಾಪ, ಅವರು ನಕ್ಕು ಕೆಮ್ಮಿದರು. “ನಮ್ಮಲ್ಲಿ ಪತ್ರ ಶುರು ಮಾಡುವುದೇ ಹಾಗೆ ಬಾಯೆ. ಮಾತು ಬಿಟ್ಟ ನನ್ನ ಭಾವನಿಗೂ ಮೊಗಾಚ್ಯಾ ಅಂತಲೇ ಬರೆಯುವುದು.”

ಮೇಲೆ ಬಂದು ಸೂಟ್‌ಕೇಸ್ ತೆಗೆದೆ. ನೀವು ಇವರಿಗೆ ಬರೆದ ಪತ್ರವನ್ನು ಕೆಳಗೆ ಒಯ್ದಾಗ ಕೊನ್ರಾಡ್ ಅವರೇ ಓದಿ ಅರ್ಥ ಹೇಳಿದರು: ಐದು ತಿಂಗಳು ಡ್ಯೂಟಿಗೆ ಬಾರದೆ ಎಲ್ಲಿದ್ದೆ ಎಂದು ಆಸ್ಪತ್ರೆಯವರು ಕೇಳುತ್ತಿದ್ದಾರೆ, ಆ ಮನೆಯಲ್ಲಿ ಗಾಯಾಳುಗಳ ಜೊತೆ ಇದ್ದೆ ಎಂದು ಹೇಳಲು ನಿಮ್ಮನ್ನು ಬಿಟ್ಟರೆ ಈ ಊರಲ್ಲಿ ಯಾರೂ ಉಳಿದಿಲ್ಲ, ಶನಿವಾರ ಹತ್ತು ಗಂಟೆಗೆ ಬಂದು ಒಂದು ಮಾತು ಹೇಳಿ. ಇಷ್ಟೇ ಇತ್ತು. ಕೊನೆಯಲ್ಲಿ ಇನ್ನೊಂದು ಸಾಲು: ನಿಮ್ಮ ಹೆಂಡತಿಯ ಧಾರೆ ಸೀರೆಯ ಸೆರಗನ್ನು ಹರಿಯಲು ಮನಸ್ಸಾಗಲಿಲ್ಲ, ತೊಳೆದಿಟ್ಟಿದ್ದೇನೆ, ಅವರ ಕೈಗೇ ಕೊಡಬೇಕು.

ಆ ಶನಿವಾರ ಇವರು ಮನೆಯಲ್ಲೇ ಇದ್ದರು. ಪತ್ರ ಬಂದದ್ದೇ ಇವರಿಗೆ ಗೊತ್ತಿಲ್ಲ, ಇವತ್ತಿಗೂ. ನೀವು ಕಾದು, ಇವರೂ ಕೈಬಿಟ್ಟರೆಂದು ಎದ್ದು ಹೋಗಿರಬೇಕು. ನರ್ಸ್ ಕೆಲಸ ಹೋಯಿತಂತೆ. ಎಗೈಲಾದ ಒಂದು ಮನೆಯಲ್ಲಿ ಮುದುಕಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದೀರಿ ಎಂದು ಇಲ್ಲಿಯ ಇಗರ್ಜಿಯಲ್ಲಿ ನಿಮ್ಮನ್ನು ಕಾಣುವ ಕೊನ್ರಾಡ್ ಹೇಳಿದರು. ಇದನ್ನು ತಲುಪಿಸುವವರೂ ಅವರೇ. ನಿಮ್ಮ ಇಪ್ಪತ್ತು ವರ್ಷ ಹಾಳು ಮಾಡಿದವಳು ನಾನು. ಕ್ಷಮಿಸಿ ಎಂದು ಕೇಳುತ್ತಿದ್ದೇನೆ. ಹೊಟ್ಟೆಕಿಚ್ಚು ಹೋಗಿದೆ ಎಂದು ಮಾತ್ರ ತಿಳಿಯಬೇಡಿ.

ಈ ಶುಕ್ರವಾರ ಊಟಕ್ಕೆ ಬನ್ನಿ. ಇವರಿಗೆ ನಿಮ್ಮೆದುರೇ ಎಲ್ಲ ಹೇಳುತ್ತೇನೆ. ಇವರು ನನ್ನ ಮೇಲೆ ಕೂಗಾಡಿದರೆ ನನ್ನ ಪರ ಮಾತಾಡಬೇಡಿ, ನೀವು ಹೇಳಿ ಇವರು ಸುಮ್ಮನಾಗುವುದನ್ನು ನಾನು ನೋಡಲಾರೆ. ಆ ಮನೆಯ ಮಾತು ಬಂದರೆ ಎಷ್ಟು ಹೊತ್ತು ಬೇಕಾದರೂ ಆಡಿ. ಆದರೆ ಕೊಂಕಣಿ ಬೇಡ, ನನಗೂ ತಿಳಿಯಲಿ. ಸೆರಗು ಇನ್ನೂ ಇದ್ದರೆ ತನ್ನಿ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಮೊಗಾಚಿ (ಎಲ್ಲರಿಗೂ ಬರೆಯುವುದೇ ತಾನೆ),
ಹರಿಣಾಕ್ಷಿ